ಕಾಮಾಲೆ ಹಿಡಿದ ಪ್ಲೇಟ್: ಲಿವರ್ ಹುಳುವಿನ ಎಲೈಸಾದಲ್ಲಿ ದೋಷ ಹುಡುಕುವ ಬಗೆ

ಲಕ್ಷಣ ಇಷ್ಟೇ. ದನ, ಎಮ್ಮೆ, ಕುರಿಗಳ ಸೀರಂ ಹಾಕಿ ಎಲೈಸಾ ನಡೆಸಿದ್ದೀರಿ. ಪಿತ್ತನಾಳದಲ್ಲಿ ಬದುಕುವ ಲಿವರ್ ಹುಳುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಸೀರಂನಲ್ಲಿ ಇದೆಯೇ ಎಂದು ಬಣ್ಣದಿಂದ ತೋರಿಸುವ ಪರೀಕ್ಷೆ ಇದು; ಹಳದಿ ಬಂದರೆ ಇದೆ ಎಂದರ್ಥ. ಕೊನೆಗೆ ಆಮ್ಲ ಬಿಟ್ಟು ಕ್ರಿಯೆ ನಿಲ್ಲಿಸಿದ ಕೂಡಲೇ ಪ್ಲೇಟಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಳದಿ. ಲಿವರ್ ಹುಳು ಇರುವುದು ಗೊತ್ತಿದ್ದ ಎಮ್ಮೆಯೂ ಹಳದಿ, ಸೆಗಣಿಯಲ್ಲಿ ಒಂದೂ ಮೊಟ್ಟೆ ಸಿಗದ ಎಮ್ಮೆಯೂ ಹಳದಿ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇಲ್ಲಿ ಕಾಮಾಲೆ ಹಿಡಿದಿರುವುದು ಪ್ಲೇಟಿಗೆ.

ನಮ್ಮ ಪ್ರಯೋಗಾಲಯದಲ್ಲಿ ಇದು ಆದಾಗ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಕಾಂಜುಗೇಟ್ (ಪ್ರಾಣಿಯ ಪ್ರತಿಕಾಯಕ್ಕೆ ಅಂಟಿ ಬಣ್ಣ ತರಿಸುವ, ಕಿಣ್ವ ಜೋಡಿಸಿದ ದ್ರಾವಣ) ಕಂಪನಿಯನ್ನು ಬೈದೆವು, ಹೊಸ ಬಾಟಲಿ ತರಿಸಿದೆವು, ಸೀರಂ ಇನ್ನಷ್ಟು ತೆಳು ಮಾಡಿದೆವು. ಹಳದಿ ಸ್ವಲ್ಪ ತಿಳಿಯಾಯಿತೇ ಹೊರತು ರೋಗಿಗೂ ನಿರೋಗಿಗೂ ಅಂತರ ಹುಟ್ಟಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಎರಡು ಕಡೆ. ಎರಡೂ ಪ್ರಯೋಗಾಲಯದ ಒಳಗಿರಲಿಲ್ಲ. ಒಂದು ಹುಳು ತುಂಬಿದ ಡಬ್ಬಿಯಲ್ಲಿತ್ತು, ಇನ್ನೊಂದು ನಾವು 'ಆರೋಗ್ಯವಂತ' ಎಂದು ಚೀಟಿ ಅಂಟಿಸಿದ ಕುರಿಯಲ್ಲಿ. ಅಲ್ಲಿಗೆ ಹೋಗುವ ಮೊದಲು ಸುಲಭದ ದೋಷಗಳನ್ನು ತಳ್ಳಿಹಾಕಬೇಕು. ಅದಕ್ಕೆ ಅರ್ಧ ದಿನ ಸಾಕು.

ಯಾವ ಹಳದಿ ಎಂದು ಮೊದಲು ಕೇಳಿ

ಹೊಸ ಪ್ಲೇಟ್ ತೆಗೆದುಕೊಂಡು ಮಾಮೂಲಿ ಪರೀಕ್ಷೆಯನ್ನು ಬದಿಗಿಟ್ಟು, ವೆಲ್‌ಗಳಲ್ಲಿ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ) ಒಂದೊಂದು ಪದಾರ್ಥ ಬಿಟ್ಟು ನೋಡುವ ಪ್ರಯೋಗ ಮಾಡಿ. ಒಂದು ಸಾಲಿಗೆ ಬಣ್ಣದ ದ್ರಾವಣ, ಅಂದರೆ ಟಿಎಂಬಿ, ಮಾತ್ರ ಹಾಕಿ. ಎರಡನೇ ಸಾಲಿಗೆ ಆಂಟಿಜೆನ್ (ಪ್ಲೇಟಿಗೆ ಅಂಟಿಸುವ ಹುಳುವಿನ ಪ್ರೋಟೀನ್) ಬಿಟ್ಟು ಉಳಿದದ್ದೆಲ್ಲ ಹಾಕಿ. ಮೂರನೆಯದಕ್ಕೆ ಆಂಟಿಜೆನ್ ಇರಲಿ, ಸೀರಂ ಬೇಡ, ಕಾಂಜುಗೇಟ್ ಹಾಕಿ. ನಾಲ್ಕನೆಯದಕ್ಕೆ ಎಲ್ಲವೂ.

ಮೊದಲ ಸಾಲೇ ಬಣ್ಣ ಬಂದರೆ ದ್ರಾವಣ ಕೆಟ್ಟಿದೆ, ಅಥವಾ ಕಾಂಜುಗೇಟ್ ಮುಟ್ಟಿದ ಪಿಪೆಟ್ ತುದಿಯೇ ಇದರಲ್ಲೂ ಅದ್ದಿದೆ. ಎಸೆದು ಹೊಸದು ಮಾಡಿ. ಎರಡನೇ ಸಾಲು ಬಣ್ಣ ಬಂದರೆ ಬ್ಲಾಕಿಂಗ್, ಅಂದರೆ ವೆಲ್‌ನ ಖಾಲಿ ಜಾಗ ಮುಚ್ಚುವ ಲೇಪ, ಕೈಕೊಟ್ಟಿದೆ. ಮೂರನೆಯದು ಬಣ್ಣ ಬಂದರೆ ನಿಮ್ಮ ಆಂಟಿಜೆನ್ನಿನ ಒಳಗೇ ದನದ ಪ್ರತಿಕಾಯ ಕೂತಿದೆ. ಮೂರೂ ಸಾಲು ತಿಳಿಯಾಗಿದ್ದು ನಾಲ್ಕನೆಯದರಲ್ಲಿ ಮಾತ್ರ ನಿರೋಗಿ ಸೀರಂ ಹಳದಿಯಾದರೆ ನಿಜವಾದ ಕಷ್ಟ ಈಗ ಶುರು.

ಹಾಲಿನ ಪುಡಿ

ಎರಡನೇ ಸಾಲಿನ ದೋಷಕ್ಕೆ ನಮ್ಮ ಕಡೆ ಅತಿ ಸಾಮಾನ್ಯ ಕಾರಣ ಕೆನೆ ತೆಗೆದ ಹಾಲಿನ ಪುಡಿ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮನುಷ್ಯರ ಪರೀಕ್ಷೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಾವು ಹುಡುಕುತ್ತಿರುವುದು ದನದ ಪ್ರತಿಕಾಯ, ಕಾಂಜುಗೇಟ್ ಹಿಡಿಯುವುದೂ ದನದ ಪ್ರತಿಕಾಯ, ಆ ಪುಡಿಯಾಗಿರುವುದೋ ದನದ್ದೇ ಹಾಲು! ಅದರಲ್ಲಿ ಉಳಿದ ಐಜಿಜಿಗೆ (ಪ್ರತಿಕಾಯದ ಮುಖ್ಯ ಬಗೆಗೆ) ಕಾಂಜುಗೇಟ್ ಅಂಟಿಕೊಂಡರೆ ಒಂದೋ ವೆಲ್ ತಳವೆಲ್ಲ ಬಣ್ಣವಾಗುತ್ತದೆ, ಇಲ್ಲವೇ ಕಾಂಜುಗೇಟ್ ದ್ರಾವಣದಲ್ಲೇ ಖರ್ಚಾಗಿ ನಿಜವಾದ ಸಂಕೇತ ಕುಗ್ಗುತ್ತದೆ. ದನದ ಸೀರಂ ಆಲ್ಬುಮಿನ್ನಿನ ಅಗ್ಗದ ದರ್ಜೆಯಲ್ಲೂ ಇದೇ ಕಥೆ. ಕುರಿ, ಆಡಿನ ಪ್ರತಿಕಾಯ ಹಿಡಿಯುವ ಕಾಂಜುಗೇಟ್‌ಗಳೂ ದನದ ಐಜಿಜಿಯನ್ನು ಸಾಕಷ್ಟು ಗುರುತಿಸುವುದರಿಂದ ಅಲ್ಲಿಯೂ ತಪ್ಪಿಸಿಕೊಳ್ಳಲಾಗದು. ಮೀನಿನ ಚರ್ಮದ ಜೆಲಟಿನ್ ಬಳಸಿ. ತೊಳೆಯುವ ನೀರಿನಲ್ಲಿ 0.05 ಶೇಕಡ ಟ್ವೀನ್ 20 ಇರಲಿ.

ರಕ್ತ ಕುಡಿದ ಹುಳು

ಮೂರನೇ ಸಾಲಿನ ದೋಷ ಸ್ವಾರಸ್ಯದ್ದು. ಇದನ್ನು ಅರ್ಥ ಮಾಡಿಕೊಳ್ಳಲು ಹುಳು ಏನು ತಿನ್ನುತ್ತದೆ ಎಂದು ನೋಡಬೇಕು. ಪಿತ್ತನಾಳದಲ್ಲಿ ಕೂತ ದೊಡ್ಡ ಹುಳು ರಕ್ತ ಕುಡಿಯುತ್ತದೆ. ಅದಕ್ಕೇ ಪ್ರಾಣಿ ಬಿಳಿಚಿಕೊಳ್ಳುವುದು, ದವಡೆಯ ಕೆಳಗೆ ನೀರು ತುಂಬುವುದು. ಅದರ ಕರುಳಿಗೆ ಇನ್ನೊಂದು ಬಾಗಿಲಿಲ್ಲ, ಜೀರ್ಣವಾಗದ್ದನ್ನು ಬಾಯಿಂದಲೇ ಕಾರುತ್ತದೆ. ಹಾಗೆ ಕಾರಿದ ದ್ರವವೇ ನಮಗೆ ಬೇಕಾದ 'ವಿಸರ್ಜಿತ-ಸ್ರವಿತ ಆಂಟಿಜೆನ್'. ಅದರಲ್ಲಿ ಹುಳುವಿನ ಕಿಣ್ವಗಳ ಜೊತೆಗೆ ಆತಿಥೇಯ ಎಮ್ಮೆಯ ಆಲ್ಬುಮಿನ್, ಹಿಮೋಗ್ಲೋಬಿನ್, ಐಜಿಜಿ ಎಲ್ಲ ಬರುತ್ತವೆ. ಆ ಐಜಿಜಿಯನ್ನು ಪ್ಲೇಟಿಗೆ ಅಂಟಿಸಿ ಮೇಲೆ ಕಾಂಜುಗೇಟ್ ಸುರಿದರೆ ಸೀರಂ ಹಾಕದೆಯೂ ಹಳದಿ ಬರುವುದರಲ್ಲಿ ಆಶ್ಚರ್ಯವೇನಿದೆ?

ಪರಿಹಾರ ಹುಳು ತೊಳೆಯುವ ಹಂತದಲ್ಲೇ ಇದೆ. 37 ಡಿಗ್ರಿ ಬಿಸಿಯ ಫಾಸ್ಫೇಟ್ ಬಫರ್‌ನಲ್ಲಿ ಹಲವು ಸಲ ತೊಳೆದು, ಮೊದಲ ಒಂದು ಗಂಟೆ ಕಾರಿದ ಕಪ್ಪು ನೀರನ್ನು ಚೆಲ್ಲಿಬಿಡಿ. ಆಮೇಲೆ ಹೊಸ ದ್ರಾವಣಕ್ಕೆ ಬಿಟ್ಟು ಮೂರು-ನಾಲ್ಕು ಗಂಟೆಯ ಸಂಗ್ರಹವನ್ನು ಮಾತ್ರ ಉಳಿಸಿಕೊಳ್ಳಿ. ಅದನ್ನು ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ, ಪ್ರೋಟೀನ್ ಜಿ ಕಾಲಮ್ಮಿನ ಮೂಲಕ ಒಮ್ಮೆ ಹಾಯಿಸಿದರೆ ಉಳಿದ ಐಜಿಜಿಯೂ ಹೋಗುತ್ತದೆ. ಪ್ರೋಟೀನ್ ಎ ಬೇಡ. ದನ, ಕುರಿಗಳ ಐಜಿಜಿ-1ನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ.

ಇಲ್ಲೇ ಇನ್ನೆರಡು ಎಡವಟ್ಟು. ಹುಳುಗಳನ್ನು ಐಸ್ ಡಬ್ಬಿಯಲ್ಲಿ ತಂದರೆ ದಾರಿಯಲ್ಲೇ ಸತ್ತು ಮೈಯೊಡೆಯುತ್ತವೆ. ಆಮೇಲೆ ನೀವು ಸಂಗ್ರಹಿಸುವುದು ಸ್ರಾವವಲ್ಲ, ಹೆಣದ ರಸ. ಕಾಫಿ ತರುವ ಸಾದಾ ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿ ಬಫರ್ ಒಯ್ದು ಅದರಲ್ಲೇ ತನ್ನಿ, ನಮಗೆ ಈವರೆಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ. (ಆ ಫ್ಲಾಸ್ಕಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡುವುದು ನಿಮ್ಮ ಜವಾಬ್ದಾರಿ.) ಇನ್ನೊಂದು: ಕೋಶ ಬೆಳೆಸಿ ಅಭ್ಯಾಸವಾದವರು ಕೈರೂಢಿಯಿಂದ ಮಾಧ್ಯಮಕ್ಕೆ ಕರುವಿನ ಭ್ರೂಣದ ಸೀರಂ ಸೇರಿಸಿಬಿಡುತ್ತಾರೆ. ಆಗ ಪ್ರೋಟೀನ್ ಅಳತೆ ಭರ್ಜರಿ ಬರುತ್ತದೆ, ಜೆಲ್ ಮೇಲೆ ನೋಡಿದರೆ ಆಲ್ಬುಮಿನ್ನಿನ ದಪ್ಪ ಪಟ್ಟಿ ಬಿಟ್ಟು ಬೇರೇನೂ ಇರುವುದಿಲ್ಲ.

ಡಬ್ಬಿಯಲ್ಲಿ ಇದ್ದದ್ದು ಯಾರು?

ಮೂರೂ ಸಾಲು ತಿಳಿ, ಆದರೂ ನಿರೋಗಿಗಳು ಹಳದಿ. ನಾವು ಅತಿ ಹೆಚ್ಚು ದಿನ ಕಳೆದದ್ದು ಇಲ್ಲಿ.

ಭಾರತದ ಬಯಲು ನಾಡಿನಲ್ಲಿ ಲಿವರ್ ಹುಳು ಎಂದರೆ ಬಹುಪಾಲು ಫ್ಯಾಸಿಯೋಲಾ ಜೈಗ್ಯಾಂಟಿಕಾ. ಯುರೋಪಿನ ಪುಸ್ತಕಗಳಲ್ಲಿ ಬರುವ ಫ್ಯಾಸಿಯೋಲಾ ಹೆಪಾಟಿಕಾ ತಂಪು ಸೀಮೆಯದು, ನಮ್ಮಲ್ಲಿ ಹಿಮಾಲಯದ ಬೆಟ್ಟನಾಡಿನ ಕಡೆ ಸಿಗುತ್ತದೆ. ಜೈಗ್ಯಾಂಟಿಕಾ ಎಲೆಯಂತೆ ಚಪ್ಪಟೆ, ಉದ್ದ, ಏಳೂವರೆ ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಇದನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ ಎಂದು ನಾವೂ ಅಂದುಕೊಂಡಿದ್ದೆವು.

ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯಿದೆಯ ಪ್ರಕಾರ ದನವನ್ನೂ 13 ವರ್ಷದೊಳಗಿನ ಎಮ್ಮೆ-ಕೋಣಗಳನ್ನೂ ಕಡಿಯುವಂತಿಲ್ಲ. ಹಾಗಾಗಿ ಹುಳು ಸಿಗುವುದು ಕುರಿ-ಆಡಿನ ಲಿವರ್‌ನಲ್ಲಿ ಅಥವಾ ಮುದಿ ಎಮ್ಮೆಯ ಲಿವರ್‌ನಲ್ಲಿ. ಮುದಿ ಎಮ್ಮೆ ಎಂದರೆ ಹದಿಮೂರು ಮಳೆಗಾಲ ಕೆರೆಯಂಚಿನ ಹುಲ್ಲು ಮೇಯ್ದ ಪ್ರಾಣಿ. ಅದರ ಪಿತ್ತನಾಳದಲ್ಲಿ ಒಬ್ಬನೇ ಬಾಡಿಗೆದಾರ ಇರುವುದಿಲ್ಲ. ಜೈಗ್ಯಾಂಟೊಕೊಟೈಲ್ ಎಕ್ಸ್‌ಪ್ಲಾನೇಟಮ್ ಎಂಬ ಇನ್ನೊಂದು ಹುಳು ಎಮ್ಮೆಯ ಪಿತ್ತನಾಳ, ಪಿತ್ತಕೋಶಗಳಲ್ಲೇ ವಾಸಿಸುತ್ತದೆ. ಅದು ಲಿವರ್ ಹುಳುವಿನ ಕುಲದ್ದಲ್ಲ, ಮೊದಲ ಹೊಟ್ಟೆಯಲ್ಲಿರುವ ಆಂಫಿಸ್ಟೋಮ್‌ಗಳ ದಾಯಾದಿ. ಒಂದು ಸೆಂಟಿಮೀಟರ್ ಆಸುಪಾಸಿನ ದಪ್ಪ, ಶಂಕುವಿನಾಕಾರದ ಮಾಂಸದ ಮೊಳೆಯ ಹಾಗಿದ್ದು, ಹಿಂಭಾಗದ ದೊಡ್ಡ ಹೀರುಬಟ್ಟಲಿನಿಂದ ನಾಳದ ಗೋಡೆ ಹಿಡಿದಿರುತ್ತದೆ.

ನಮಗೆ ಹುಳು ತೆಗೆದುಕೊಡುತ್ತಿದ್ದವರನ್ನು ಕೇಳಿದಾಗ ಸರಳ ಉತ್ತರ ಬಂತು: "ಎಲ್ಲಾ ಲಿವರ್ ಹುಳಾನೇ ಸಾರ್, ಲಿವರ್ ಕೊಯ್ದೇ ತೆಗ್ದಿದ್ದು." ಅವರದ್ದು ಸುಳ್ಳಲ್ಲ. ಲಿವರ್‌ನಲ್ಲಿದ್ದದ್ದೆಲ್ಲ ಲಿವರ್ ಹುಳುವೇ ಎಂದು ತಿಳಿದದ್ದು ನಮ್ಮ ತಪ್ಪು. ಆಗಿನ್ನೂ ಸ್ರಾವದ ಬದಲು ಇಡೀ ಹುಳುವನ್ನೇ ಅರೆದು ಆಂಟಿಜೆನ್ ಮಾಡುತ್ತಿದ್ದ ನಾವು, ತಟ್ಟೆಗೆ ಸುರಿದು ನೋಡುವ ಬದಲು, ಡಬ್ಬಿಯಿಂದ ನೇರ ಹೋಮೊಜಿನೈಸರ್‌ಗೆ ಹಾಕಿ ಅರೆದಿದ್ದೆವು. ಚಪ್ಪಟೆ ಹುಳುಗಳ ನಡುವೆ ಮೊಳೆಹುಳುಗಳೂ ಅರೆದುಹೋಗಿದ್ದವು. ಆಂಫಿಸ್ಟೋಮ್ ಇಲ್ಲದ ಎಮ್ಮೆಯನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಿ ತರುವುದು ಕಷ್ಟ. ಇನ್ನು ಪ್ಲೇಟ್ ಹಳದಿಯಾಗದೆ ಇರುತ್ತದೆಯೇ?

ಇದನ್ನು ಖಚಿತ ಮಾಡುವುದಕ್ಕೆ ದುಬಾರಿ ಯಂತ್ರ ಬೇಡ. ಬಿಳಿ ತಟ್ಟೆ, ಕೈಮಸೂರ, ಚಿಮಟ ಸಾಕು. ಒಂದೊಂದು ಹುಳುವನ್ನೂ ಎತ್ತಿ ನೋಡಿ, ಚಪ್ಪಟೆಯದ್ದನ್ನು ಮಾತ್ರ ಇಟ್ಟುಕೊಳ್ಳಿ. ಎರಡು-ಮೂರನ್ನು ಗಾಜಿನ ಪಟ್ಟಿಗಳ ನಡುವೆ ಒತ್ತಿ ಬಣ್ಣ ಹಾಕಿ ನೋಡಿದರೆ ಇನ್ನೂ ಒಳ್ಳೆಯದು. ಬೇರ್ಪಡಿಸಿದ ಮೊಳೆಹುಳುಗಳನ್ನು ಎಸೆಯಬೇಡಿ. ಅವುಗಳಿಂದಲೇ ಪ್ರತ್ಯೇಕ ಆಂಟಿಜೆನ್ ಮಾಡಿಟ್ಟುಕೊಂಡರೆ ಮುಂದಿನ ಹಂತದಲ್ಲಿ ಚಿನ್ನದಂತೆ ಬಳಕೆಗೆ ಬರುತ್ತದೆ.

ಒಂದೇ ಕೆರೆಯ ನೀರು ಕುಡಿದವು

ಹುಳು ಶುದ್ಧವಾಯಿತು ಎನ್ನೋಣ. ಹಳದಿ ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಅರೆದ ಹುಳುವಿನ ಕಚ್ಚಾ ಆಂಟಿಜೆನ್‌ನಲ್ಲಿ ನೂರಾರು ಪ್ರೋಟೀನುಗಳಿವೆ. ಅವುಗಳಲ್ಲಿ ಸ್ನಾಯು, ಚರ್ಮ, ಶಕ್ತಿ ತಯಾರಿಯ ಕಿಣ್ವಗಳು ಎಲ್ಲ ಚಪ್ಪಟೆ ಹುಳುಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ. ಈ ಹುಳುಗಳ ಮರಿಗಳು ಬಸವನಹುಳುವಿನೊಳಗೆ ಬೆಳೆಯುತ್ತವೆ. ಲಿವರ್ ಹುಳುವಿನ ಬಸವನಹುಳು ಲಿಮ್ನಿಯಾ, ಹಲವು ಆಂಫಿಸ್ಟೋಮ್‌ಗಳ ಮತ್ತು ಶಿಸ್ಟೋಸೋಮಾಗಳ (ರಕ್ತನಾಳದಲ್ಲಿ ಬದುಕುವ ಹುಳುಗಳ) ಬಸವನಹುಳು ಇಂಡೋಪ್ಲಾನಾರ್ಬಿಸ್. ಎರಡೂ ಒಂದೇ ಕೆರೆಯಲ್ಲಿ ಇರುತ್ತವೆ. ಆ ಕೆರೆಯ ದನಕ್ಕೆ ಮೂರೂ ಹುಳುಗಳ ಪರಿಚಯ. ದನದ ಮೂಗಿನ ಗೊರಕೆ ರೋಗ ತರುವ ಶಿಸ್ಟೋಸೋಮಾ ನೇಸಲೆಯನ್ನು 1933ರಲ್ಲಿ ಹೆಸರಿಟ್ಟು ವಿವರಿಸಿದ್ದೂ ಅಂದಿನ ಮದ್ರಾಸಿನಲ್ಲೇ. ದಕ್ಷಿಣ ಭಾರತದಲ್ಲಿ ಎಲೈಸಾ ಕಟ್ಟುವವರು ಇದನ್ನು ಮರೆಯುವಂತಿಲ್ಲ.

ಹಾಗಾಗಿ ಸೀರಂಗಳ ಒಂದು ಪುಟ್ಟ ಸಾಲು ಮಾಡಿಕೊಳ್ಳಿ. ಲಿವರ್ ಹುಳು ಮಾತ್ರ ಇದ್ದ ಪ್ರಾಣಿ, ಆಂಫಿಸ್ಟೋಮ್ ಮಾತ್ರ ಇದ್ದದ್ದು, ಗೊರಕೆ ರೋಗದ ದನ. ಕೊನೆಯದನ್ನು ಗುರುತಿಸುವುದು ಸುಲಭ, ಮೂಗಿನ ಸಿಂಬಳದಲ್ಲಿ ಬಿಲ್ಲಿನಂತೆ ಬಾಗಿದ ಮೊಟ್ಟೆ ಇರುತ್ತದೆ. ಕಡಿದ ಪ್ರಾಣಿಗಳಾದರೆ ಲಿವರ್ ಮತ್ತು ಮೊದಲ ಹೊಟ್ಟೆ ಎರಡನ್ನೂ ಬಿಚ್ಚಿ ನೋಡಿದ ದಾಖಲೆ ಸೀರಂ ಜೊತೆಗಿರಲಿ. ಈ ಸಾಲನ್ನು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ತೂಕದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸಿ, ಪ್ರತಿಕಾಯ ಯಾವುದಕ್ಕೆ ಅಂಟುತ್ತದೆ ಎಂದು ತೋರಿಸುವ ವಿಧಾನ) ಮೇಲೆ ಓಡಿಸಿದರೆ ಯಾವ ಪಟ್ಟಿ ಎಲ್ಲರಿಗೂ ಸಾಮಾನ್ಯ, ಯಾವುದು ಲಿವರ್ ಹುಳುವಿಗೇ ಮೀಸಲು ಎಂದು ಕಣ್ಣಾರೆ ಕಾಣುತ್ತದೆ.

ಹುಡುಕಬೇಕಾದ ಪಟ್ಟಿ 27ರಿಂದ 29 ಕಿಲೊಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ನಡುವಿನದು. ಅದು ಕೆಥೆಪ್ಸಿನ್ ಎಲ್, ಬಲಿತ ಹುಳು ಕರುಳಿನಿಂದ ಧಾರಾಳವಾಗಿ ಕಾರುವ, ಪ್ರೋಟೀನ್ ಕತ್ತರಿಸುವ ಕಿಣ್ವ. ಸ್ರಾವದಲ್ಲಿ ಅದರದ್ದೇ ಮೇಲುಗೈ, ಪ್ರಾಣಿಯ ದೇಹವೂ ಸೋಂಕಾದ ಎರಡರಿಂದ ನಾಲ್ಕು ವಾರಗಳಲ್ಲೇ ಅದರ ವಿರುದ್ಧ ಪ್ರತಿಕಾಯ ತಯಾರಿಸತೊಡಗುತ್ತದೆ. ಜೈಗ್ಯಾಂಟಿಕಾದಿಂದ ಬೇರ್ಪಡಿಸಿದ 28 ಕಿಲೊಡಾಲ್ಟನ್‌ನ ಈ ಜಾತಿಯ ಪ್ರೋಟೀನನ್ನು ಭಾರತದಲ್ಲೂ ಪತ್ತೆ ಪರೀಕ್ಷೆಗೆ ಬಳಸಿದ್ದಾರೆ. ಸುಮಾರು 26 ಕಿಲೊಡಾಲ್ಟನ್‌ನ ಗ್ಲುಟಥಯೋನ್ ಟ್ರಾನ್ಸ್‌ಫರೇಸ್, 14-15ರ ಕೊಬ್ಬಿನಾಮ್ಲ ಹಿಡಿಯುವ ಪ್ರೋಟೀನ್ ಮೊದಲಾದವೂ ಪ್ರಯತ್ನಗಳಲ್ಲಿ ಇವೆ. ಇವೆರಡರ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಬೇರೆ ಚಪ್ಪಟೆ ಹುಳುಗಳಲ್ಲೂ ಇವುಗಳ ಅಣ್ಣತಮ್ಮಂದಿರಿದ್ದಾರೆ. ಲಸಿಕೆಯ ಕನಸಿಗೆ ಅವು ಸರಿ, ರೋಗ ಪತ್ತೆಗೆ ಕೆಥೆಪ್ಸಿನ್ ಎಲ್ ಮೊದಲು.

ಬ್ಲಾಟ್ ಮೇಲೆ ಸ್ಪಷ್ಟ ಪಟ್ಟಿಗಳ ಬದಲು ಉದ್ದಕ್ಕೂ ಮಸಿ ಬಳಿದ ಹಾಗೆ ಕಂಡರೆ ಸಕ್ಕರೆ ಸರಪಳಿಗಳನ್ನು ಅನುಮಾನಿಸಿ. ಹುಳುಗಳ ಪ್ರೋಟೀನಿಗೆ ಅಂಟಿದ ಸಕ್ಕರೆಗಳು ಕುಲ ನೋಡದೆ ಪ್ರತಿಕಾಯಗಳನ್ನು ಎಳೆಯುತ್ತವೆ. ಪರೀಕ್ಷೆ ಸುಲಭ: ಆಂಟಿಜೆನ್ ಅಂಟಿಸಿದ ಪ್ಲೇಟಿನ ಅರ್ಧಕ್ಕೆ ಪಿಎಚ್ 4.5ರ ಅಸಿಟೇಟ್ ಬಫರ್‌ನಲ್ಲಿ 10 ಮಿಲಿಮೋಲಾರ್ ಸೋಡಿಯಂ ಪೀರಿಯೊಡೇಟ್ ಹಾಕಿ ಕತ್ತಲಲ್ಲಿ ಒಂದು ಗಂಟೆ ಬಿಡಿ, ಇನ್ನರ್ಧಕ್ಕೆ ಬರಿ ಬಫರ್. ಸಕ್ಕರೆ ಮುರಿದ ಅರ್ಧದಲ್ಲಿ ಆಂಫಿಸ್ಟೋಮ್ ಸೀರಂನ ಬಣ್ಣ ಬಿದ್ದು ಲಿವರ್ ಹುಳುವಿನದ್ದು ನಿಂತರೆ ದೋಷ ಸಿಕ್ಕಿತು.

ತನ್ನನ್ನೇ ತಿನ್ನುವ ಆಂಟಿಜೆನ್

ಜನವರಿಯಲ್ಲಿ ಚೆನ್ನಾಗಿದ್ದ ಆಂಟಿಜೆನ್ ಮಾರ್ಚ್‌ನಲ್ಲಿ ಹಲ್ಲುದುರಿದಂತಾಗುವುದುಂಟು. ಕೆಥೆಪ್ಸಿನ್ ಎಲ್ ಪ್ರೋಟೀನ್ ಕತ್ತರಿಸುವ ಕಿಣ್ವವೆಂದೆ. ಅದಕ್ಕೆ ಕೊಳವೆಯೊಳಗಿನ ಉಳಿದ ಪ್ರೋಟೀನುಗಳೂ ಊಟವೇ. ನಾವೆಲ್ಲ ಕೈರೂಢಿಯಿಂದ ಪಿಎಂಎಸ್‌ಎಫ್ ಎಂಬ ಕಿಣ್ವ ತಡೆಯುವ ರಾಸಾಯನಿಕ ಹಾಕಿ ನಿಶ್ಚಿಂತರಾಗುತ್ತೇವೆ. ಆದರೆ ಅದು ಮುಖ್ಯವಾಗಿ ಸಿರೀನ್ ಜಾತಿಯ ಕಿಣ್ವಗಳಿಗೆ, ನೀರಿನಲ್ಲಿ ಬೇಗ ಕೆಡುತ್ತದೆ ಬೇರೆ. ಇಲ್ಲಿರುವುದು ಸಿಸ್ಟೀನ್ ಜಾತಿಯದು. ಅದಕ್ಕೆ ಬೇಕಾದ ಬೀಗ ಇ-64 ಎಂಬ ರಾಸಾಯನಿಕ. ಡಿಟಿಟಿಯಂಥ ಪದಾರ್ಥಗಳನ್ನು ಶೇಖರಣೆಯಲ್ಲಿ ಸೇರಿಸಬೇಡಿ, ಅವು ಈ ಕಿಣ್ವವನ್ನು ಇನ್ನಷ್ಟು ಕೆರಳಿಸುತ್ತವೆ.

ಇನ್ನೊಂದು ಕಿತಾಪತಿಯೂ ಇದರದ್ದೇ. ಪ್ರಾಣಿಯ ದೇಹದಲ್ಲಿ ಹುಳುವಿನ ಮೇಲೆ ದಾಳಿಗೆ ಬಂದ ಐಜಿಜಿಯನ್ನು ಅದರ ಕೀಲಿನ ಬಳಿಯೇ ಕತ್ತರಿಸಿ ಹುಳುವನ್ನು ಕಾಯುವುದು ಕೆಥೆಪ್ಸಿನ್ ಎಲ್‌ನ ಕಸುಬುಗಳಲ್ಲಿ ಒಂದು. ಜೀವಂತ ಕಿಣ್ವವನ್ನೇ ವೆಲ್‌ಗೆ ಅಂಟಿಸಿದರೆ ನಾವು ಹಿಡಿಯಲು ಬಂದ ಪ್ರತಿಕಾಯವನ್ನೇ ಅದು ತುಂಡರಿಸುವ ಸಾಧ್ಯತೆ ಇದೆ. ಪುನರಾವರ್ತಿತ ವೆಲ್‌ಗಳ ನಡುವೆ ಅಂಕಿ ಕುಣಿಯುತ್ತಿದ್ದರೆ ಇ-64 ಹಾಕಿದ ಮತ್ತು ಹಾಕದ ಆಂಟಿಜೆನ್ ಪಕ್ಕಪಕ್ಕ ಇಟ್ಟು ನೋಡಿ. ಪ್ರಯೋಗಾಲಯದಲ್ಲೇ ಪ್ರೋಟೀನ್ ತಯಾರಿಸುವವರು ಕಿಣ್ವದ ಕತ್ತರಿಯಾಗಿರುವ ಸಿಸ್ಟೀನ್ ಜಾಗಕ್ಕೆ ಗ್ಲೈಸೀನ್ ಕೂರಿಸಿ, ರೂಪ ಉಳಿಸಿ ಹಲ್ಲು ಕಿತ್ತ ಕೆಥೆಪ್ಸಿನ್ ಮಾಡುತ್ತಾರೆ. ಜಾಣ ದಾರಿ.

ಆದರೆ ಅಲ್ಲಿಗೂ ತನ್ನದೇ ಹಳದಿ ಇದೆ. ಇ. ಕೋಲಿಯಲ್ಲಿ ತಯಾರಿಸಿದ ಪ್ರೋಟೀನ್ ನೂರಕ್ಕೆ ನೂರು ಶುದ್ಧವಾಗಿರುವುದು ಅಪರೂಪ. ಕರುಳಿನಲ್ಲಿ ಇ. ಕೋಲಿ ಇಲ್ಲದ ದನ ಉಂಟೇ? ಅದರ ವಿರುದ್ಧದ ಪ್ರತಿಕಾಯ ಎಲ್ಲ ಸೀರಂನಲ್ಲೂ ಇರುತ್ತದೆ. ಪ್ರೋಟೀನಿನ ವಂಶವಾಹಿ ಸೇರಿಸದ ಖಾಲಿ ಇ. ಕೋಲಿಯ ರಸವನ್ನು ಸೀರಂ ತೆಳುಮಾಡುವ ದ್ರಾವಣಕ್ಕೆ ಸ್ವಲ್ಪ ಬೆರೆಸಿದರೆ ಆ ಪ್ರತಿಕಾಯಗಳು ಅಲ್ಲೇ ಮುಗಿಯುತ್ತವೆ.

'ಆರೋಗ್ಯವಂತ' ಕುರಿ

ಇಷ್ಟೆಲ್ಲ ಮಾಡಿ, ಸ್ರಾವದ ಆಂಟಿಜೆನ್ ತಯಾರಿಸಿ, ಬ್ಲಾಟ್ ನೋಡಿ ಸಮಾಧಾನಪಟ್ಟ ಮೇಲೂ ನಮ್ಮ ನಿರೋಗಿ ಕುರಿಗಳಲ್ಲಿ ಕೆಲವು ಮೊಂಡು ಹಿಡಿದು ಹಳದಿಯೇ ಬರುತ್ತಿದ್ದವು. ಈ ಸೀರಂಗಳನ್ನು ನಾವು ಆರಿಸಿದ ಕಾರಣ ಭದ್ರವಾಗಿತ್ತು: ಚಿತ್ರದುರ್ಗ ಕಡೆಯ ಒಣ ಸೀಮೆ, ಕೆರೆ ಬತ್ತಿದ ಊರು, ಬಸವನಹುಳುವಿಗೆ ಜಾಗವೇ ಇಲ್ಲ. ಸೆಗಣಿಯಂತೆ ಹಿಕ್ಕೆಯನ್ನೂ ನೋಡಿದ್ದೆವು, ಮೊಟ್ಟೆ ಇರಲಿಲ್ಲ.

ಆಮೇಲೆ ಕುರಿಗಾರ ಅಜ್ಜನನ್ನು ಕೇಳಿದೆವು, ಮೊದಲೇ ಕೇಳಬೇಕಿತ್ತು. "ಸುಗ್ಗಿ ಆದ್ಮ್ಯಾಲೆ ಚಾನಲ್ ಕಡೀಗೆ ಹೋಗಿದ್ವಿ ಸಾರ್. ಕೊಯ್ದ ಗದ್ದೆಯಾಗೆ ಮಂದೆ ನಿಲ್ಸಿ, ಎರಡು ತಿಂಗ್ಳು ಅಲ್ಲೇ ಇದ್ವಿ." ಒಣಸೀಮೆಯ ಕುರಿ ವರ್ಷದ ಕೆಲವು ತಿಂಗಳು ನೀರಾವರಿ ಭತ್ತದ ಗದ್ದೆಯಲ್ಲಿ ಮೇಯುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿ. ಬದುವಿನ ಹುಲ್ಲು, ಕೂಳೆಯ ಬುಡದಲ್ಲಿ ಹುಳುವಿನ ಕೋಶಮರಿಗಳು (ಕವಚದೊಳಗಿನ ಮರಿಗಳು) ಕಾದಿರುತ್ತವೆ. ಕುರಿಯ ಊರು ಯಾವುದು ಎಂದು ಬರೆದುಕೊಂಡಿದ್ದೆವು, ಅದು ಮೇಯ್ದದ್ದು ಎಲ್ಲಿ ಎಂದು ಬರೆದಿರಲಿಲ್ಲ.

ಹಾಗಾದರೆ ಹಿಕ್ಕೆಯಲ್ಲಿ ಮೊಟ್ಟೆ ಯಾಕಿರಲಿಲ್ಲ? ಜೈಗ್ಯಾಂಟಿಕಾ ದೇಹ ಹೊಕ್ಕು ಮೊಟ್ಟೆ ಇಡಲು ಸುಮಾರು 12ರಿಂದ 16 ವಾರ ಬೇಕು. ಅಲ್ಲಿಯವರೆಗೆ ಎಳೆ ಹುಳು ಲಿವರ್‌ನ ಮಾಂಸವನ್ನು ಕೊರೆಯುತ್ತಾ ಓಡಾಡುತ್ತಿರುತ್ತದೆ. ಕುರಿಗೆ ಅತಿ ಹೆಚ್ಚು ಹಾನಿ ಆಗುವುದೂ ಆಗಲೇ. ಆ ಅವಧಿಯಲ್ಲಿ ಪ್ರತಿಕಾಯ ಇರುತ್ತದೆ, ಮೊಟ್ಟೆ ಇರುವುದಿಲ್ಲ. ಎಲೈಸಾ ನಿಜ ಹೇಳುತ್ತಿತ್ತು, ನಾವೇ ಅದನ್ನು ಸುಳ್ಳುಗಾರ ಎಂದು ತೀರ್ಮಾನಿಸಿದ್ದೆವು.

ಬಲಿತ ಹುಳು ಇದ್ದಾಗಲೂ ಮೊಟ್ಟೆ ಪರೀಕ್ಷೆ ಅಷ್ಟೇನೂ ಗಟ್ಟಿಯಲ್ಲ. ಮೊಟ್ಟೆಗಳು ಪಿತ್ತಕೋಶದಿಂದ ಬಿಟ್ಟು ಬಿಟ್ಟು ಇಳಿಯುತ್ತವೆ, ಎಮ್ಮೆ ದಿನಕ್ಕೆ ಬುಟ್ಟಿಗಟ್ಟಲೆ ಹಾಕುವ ಸೆಗಣಿಯಲ್ಲಿ ಚೆದುರಿಹೋಗುತ್ತವೆ. ಒಂದೇ ಮಾದರಿ ನೋಡಿ ಇಲ್ಲವೆನ್ನಬೇಡಿ. ಕನಿಷ್ಠ 10 ಗ್ರಾಂ ಸೆಗಣಿ ತೆಗೆದುಕೊಂಡು ಸೋಸಿ, ತಳಕ್ಕಿಳಿಯಲು ಬಿಟ್ಟು ತೊಳೆಯುವ ವಿಧಾನವನ್ನೇ ಅನುಸರಿಸಿ, ಕೊನೆಗೆ ಒಂದು ಹನಿ ಮೆಥಿಲೀನ್ ನೀಲಿ ಹಾಕಿ. ಕಸ ನೀಲಿಯಾಗುತ್ತದೆ, ಮೊಟ್ಟೆ ಹಾಗೇ ಉಳಿಯುತ್ತದೆ. ಲಿವರ್ ಹುಳುವಿನ ಮೊಟ್ಟೆ ಬೆಲ್ಲದ ಪಾಕದಂಥ ಹಳದಿ-ಕಂದು, ಆಂಫಿಸ್ಟೋಮ್‌ನದ್ದು ಬೂದು ಛಾಯೆಯ ಗಾಜಿನಂತೆ. ಗಾತ್ರ ನೋಡಿ ಬೇರ್ಪಡಿಸಲು ಹೋದರೆ ಮೋಸ ಹೋಗುತ್ತೀರಿ, ಬಣ್ಣ ನೋಡಿ.

ನಿಜವಾದ ನಿರೋಗಿ ಸೀರಂ ಬೇಕಿದ್ದರೆ ಗಿಣ್ಣು ಕುಡಿಯುವ ಮೊದಲು ಕರುವಿನಿಂದ ತೆಗೆದ ರಕ್ತ ಒಂದು ದಾರಿ. ಗಿಣ್ಣು ಕುಡಿದರೆ ತಾಯಿಯ ಪ್ರತಿಕಾಯ ಬಂದುಬಿಡುತ್ತದೆ. ಆದರೆ ಆಗತಾನೆ ಹುಟ್ಟಿದ ಕರುವಿನ ಸೀರಂನಲ್ಲಿ ಯಾವ ಪ್ರತಿಕಾಯವೂ ಇರುವುದಿಲ್ಲವಾದ್ದರಿಂದ, ಅದನ್ನೇ ಆಧಾರವಾಗಿಟ್ಟು ರೋಗಿ-ನಿರೋಗಿಗಳನ್ನು ಬೇರ್ಪಡಿಸುವ ಗೆರೆ ಎಳೆದರೆ ಗೆರೆ ತೀರಾ ಕೆಳಗೆ ಬೀಳುತ್ತದೆ. ನಾವು ಈಗ ನೆಚ್ಚಿಕೊಂಡಿರುವುದು ಕಡಿದ ಪ್ರಾಣಿಯ ಲಿವರನ್ನು ತೆಳ್ಳಗೆ ಹೋಳು ಮಾಡಿ, ಹಿಂಡಿ ನೋಡಿ, ಎಳೆ ಹುಳುವೂ ಇಲ್ಲ ಎಂದು ಖಚಿತವಾದವುಗಳ ಸೀರಂ. ಅದರಲ್ಲೂ ಆಂಫಿಸ್ಟೋಮ್ ಇದ್ದವನ್ನು ಬೇಕೆಂದೇ ಸೇರಿಸುತ್ತೇವೆ. ಅಂಥವುಗಳ ಸರಾಸರಿಗೆ ಮಾನಕ ವಿಚಲನೆಯ ಮೂರು ಪಟ್ಟು ಸೇರಿಸಿ ಎಳೆದ ಗೆರೆಗೆ ಒಂದು ಅರ್ಥವಿರುತ್ತದೆ.

ಬಣ್ಣವೇ ಬಾರದಿದ್ದರೆ

ಇದು ತಿರುಗಿದ ದೋಷ, ಸಾಮಾನ್ಯವಾಗಿ ಬೇಗ ಸಿಗುತ್ತದೆ. ಬಫರ್ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿದ್ದೀರಾ? ಅದು ಕಾಂಜುಗೇಟ್‌ನಲ್ಲಿ ಬಣ್ಣ ತರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಕೊಲ್ಲುತ್ತದೆ. ಆಂಟಿಜೆನ್ ತೆಗೆಯುವಾಗ ಟ್ರೈಟಾನ್‌ನಂಥ ಸೋಪಿನ ಪದಾರ್ಥ ಬಳಸಿ ತೆಗೆದುಹಾಕಲು ಮರೆತಿದ್ದೀರಾ? ಪ್ಲೇಟಿಗೆ ಪ್ರೋಟೀನ್ ಅಂಟುವುದೇ ಇಲ್ಲ. ಅಂಟಿಸುವ ಕಾರ್ಬೊನೇಟ್ ಬಫರ್‌ನ ಪಿಎಚ್ 9.6 ಇದೆಯೇ ನೋಡಿ. ಆಂಟಿಜೆನ್ ಹತ್ತು ಸಲ ಹೆಪ್ಪುಗಟ್ಟಿಸಿ ಕರಗಿಸಿದ್ದಾದರೆ ಚಿಕ್ಕ ಕೊಳವೆಗಳಿಗೆ ಹಂಚಿಡುವ ಅಭ್ಯಾಸ ಮಾಡಿಕೊಳ್ಳಿ. ಎಮ್ಮೆಗೆ ದನದ ಕಾಂಜುಗೇಟ್ ನಡೆಯುತ್ತದೆ, ಆ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಔಷಧಿ ಕೊಟ್ಟ ಮೇಲೂ ಹಳದಿ

ಕೊನೆಯ ದೂರು ರೈತರಿಂದ ಬರುತ್ತದೆ. ಔಷಧಿ ಕುಡಿಸಿ ತಿಂಗಳಾಯಿತು, ಎಮ್ಮೆ ಹಾಲು ಏರಿಸಿದೆ, ನಿಮ್ಮ ಪರೀಕ್ಷೆ ಮಾತ್ರ ಇನ್ನೂ ಹುಳು ಇದೆ ಅನ್ನುತ್ತದೆ. ಇಲ್ಲಿ ಪ್ಲೇಟ್ ಕೆಟ್ಟಿಲ್ಲ, ಪ್ರಶ್ನೆ ತಪ್ಪಾಗಿದೆ. ಹುಳು ಸತ್ತ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಹುಳು ಈಗ ಇದೆಯೇ ಎಂದು ತಿಳಿಯಬೇಕಾದರೆ ಪ್ರತಿಕಾಯದ ಬದಲು ಹುಳುವಿನ ಕಿಣ್ವವನ್ನೇ ಸೆಗಣಿಯಲ್ಲಿ ಹುಡುಕಬೇಕು. ಸ್ಪೇನಿನ ಸಂಶೋಧಕರು ತಯಾರಿಸಿದ ಎಂಎಂ3 ಎಂಬ ಏಕತದ್ರೂಪಿ ಪ್ರತಿಕಾಯ ಈ ಕೆಲಸಕ್ಕೆ ಹೆಸರಾಗಿದೆ. ಅದು ಹಿಡಿಯುವುದೂ ಕೆಥೆಪ್ಸಿನ್ ಎಲ್ ಗುಂಪನ್ನೇ, ಆಂಫಿಸ್ಟೋಮ್‌ಗೆ ಅದು ಮರುಳಾಗುವುದಿಲ್ಲ. ಅದನ್ನಾಧರಿಸಿದ ಸೆಗಣಿ ಎಲೈಸಾ ಕಿಟ್ ಮಾರುಕಟ್ಟೆಯಲ್ಲಿದೆ.

ಔಷಧಿ ಕೆಲಸ ಮಾಡಿದ್ದರೆ ಎರಡು-ಮೂರು ವಾರದೊಳಗೆ ಸೆಗಣಿಯ ಆಂಟಿಜೆನ್ ಮಾಯವಾಗುತ್ತದೆ. ಆಗ ಇಲ್ಲದ್ದು ಎರಡು ತಿಂಗಳ ಮೇಲೆ ಮತ್ತೆ ಕಂಡರೆ ಕೊಟ್ಟದ್ದು ಯಾವ ಔಷಧಿ ಎಂದು ಕೇಳಿ. ಆಕ್ಸಿಕ್ಲೋಜನೈಡ್ ಬಲಿತ ಹುಳುಗಳನ್ನು ಕೊಲ್ಲುತ್ತದೆ, ಲಿವರ್ ಕೊರೆಯುತ್ತಿರುವ ಎಳೆಯವು ಉಳಿದು ದೊಡ್ಡವಾಗುತ್ತವೆ. ಎಳೆಯವನ್ನೂ ಮುಟ್ಟುವುದು ಟ್ರೈಕ್ಲಾಬೆಂಡಜೋಲ್. ಮೂರನೇ ವಾರದಲ್ಲೂ ಹೋಗದೇ ಇದ್ದರೆ ಔಷಧಿಗೆ ಬಗ್ಗದ ಹುಳುವೇ ಎಂಬ ದೊಡ್ಡ ಪದ ಬಳಸುವ ಮೊದಲು, ಡೋಸ್ ಲೆಕ್ಕ ಹಾಕಿದಾಗ ಎಮ್ಮೆಯ ತೂಕವನ್ನು ಎದೆಸುತ್ತು ಅಳೆದು ತೆಗೆದರೋ, ಕೊಟ್ಟಿಗೆ ಬಾಗಿಲಲ್ಲಿ ನಿಂತು ಕಣ್ಣಳತೆಯಲ್ಲಿ ಹೇಳಿದರೋ ವಿಚಾರಿಸಿ.